ಎಂಸಿ ಅಣ್ಣನ ಎರಡನೆಯ ಧ್ವನಿ

ಹೋದ ತಿಂಗಳು ಸಿಡ್ನಿಯ ಟೂಂಗಾಬಿಯ ಸಮುದಾಯ ಭವನದಲ್ಲಿ ನಮ್ಮ ಕನ್ನಡದವರ ಒಂದು ಸಣ್ಣ ಕಾರ್ಯಕ್ರಮವಿತ್ತು. ನಿರೂಪಣೆ ಮಾಡಬೇಕಾಗಿದ್ದವರಿಗೆ ಜ್ವರ ಬಂದು ಆ ಕೆಲಸ ನನ್ನ ಪಾಲಿಗೆ ಬಿತ್ತು. ವೇದಿಕೆಯ ಪಕ್ಕದಲ್ಲಿ ನಿಂತು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡೆ. ನನಗಿಂತ ಮೊದಲು ಹಾಡಿದ ಹಿರಿಯರು ಗಂಟಲಿಗೆಂದು ಲವಂಗ ಅಗಿದಿದ್ದರೇನೋ. ಮೈಕಿನ ಮೇಲಿದ್ದ ಕಪ್ಪು ಸ್ಪಂಜಿನಿಂದ ಲವಂಗದ ವಾಸನೆ, ಅದರ ಕೆಳಗೆ ಬಿಸಿಯುಸಿರಿನ ತೇವ, ಅದಕ್ಕೂ ಕೆಳಗೆ ತಂತಿಜಾಲರಿಯ ಒಗರು... ನಾನು "ಎಲ್ಲರಿಗೂ ನಮಸ್ಕಾರ" ಎನ್ನಬೇಕಿತ್ತು. ಮಾತು ಹೊರಡಲಿಲ್ಲ. ಸಭೆಯಲ್ಲಿದ್ದವರು ಮೈಕು ಕೆಟ್ಟಿದೆ ಎಂದುಕೊಂಡರು. ಯಾರೋ ಬಂದು ಸ್ವಿಚ್ಚು ನೋಡಿ ಹೋದರು. ಅಷ್ಟರಲ್ಲಿ ನಾನು ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಒಂದು ಗ್ಯಾರೇಜಿಗೆ ಹೋಗಿ, ಅಲ್ಲೊಂದಿಷ್ಟು ಹೊತ್ತು ಕೂತು, ತಿರುಗಿ ಬಂದಿದ್ದೆ.

ಹೊಸ ಶತಮಾನ ಶುರುವಾಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ನಾನು ಹುಬ್ಬಳ್ಳಿಯಿಂದ ಬಂದು ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೆ. ಕ್ಲೇಟನ್‌ನಲ್ಲಿ ಹುಡುಗರು ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಸೇರಿಕೊಂಡು ಇರುತ್ತಿದ್ದರು. ನನಗೆ ಅದು ಒಗ್ಗಲಿಲ್ಲ. ಯಾರೋ ಹೇಳಿದರೆಂದು ಗ್ಲೆನ್ ವೇವರ್ಲಿಯಲ್ಲಿ ಉಡುಪಿ ಕಡೆಯ ಆಂಟಿಯೊಬ್ಬರ ಮನೆಯ ಹಿಂದಿನ ಕೋಣೆಗೆ ಬಂದೆ. ಆಂಟಿ, ಅಂಕಲ್ ಇಬ್ಬರೇ. ಹಿತ್ತಿಲಿನಲ್ಲಿ ಒಂದು ನಿಂಬೆಗಿಡ, ಬಟ್ಟೆ ಒಣಗಿಸುವ ತಿರುಗು ಕಂಬ, ಅದರಾಚೆ ಕಾರು ನಿಲ್ಲಿಸದ ಗ್ಯಾರೇಜು.

ಮೊದಲ ವಾರದಲ್ಲೇ ಒಂದು ಬೆಳಗ್ಗೆ ಬಟ್ಟೆ ಹರವುತ್ತಿದ್ದಾಗ ಆ ಗ್ಯಾರೇಜಿನಿಂದ ಯಾರೋ ಒಂದೇ ಉಸಿರಿನಲ್ಲಿ ಬೈಯುತ್ತಿರುವಂತೆ ಕೇಳಿಸಿತು. ಇಂಗ್ಲಿಷೋ ಏನೋ, ಒಂದು ಶಬ್ದವೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಏರುತ್ತಿತ್ತು, ನಡುವೆ ಬಿರುಕು ಬಿಟ್ಟು ನಿಲ್ಲುತ್ತಿತ್ತು, ಕೆಮ್ಮು, ಮತ್ತೆ ಮೊದಲಿನಿಂದ. ಒದ್ದೆ ಟವೆಲು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ.

"ಆಂಟಿ, ಗ್ಯಾರೇಜಿನ್ಯಾಗ ಯಾರೋ ಜಗಳಾಡಾಕತ್ತಾರ್ರಿ."

ಆಂಟಿ ದೋಸೆ ಮಗುಚುತ್ತಾ ತಲೆ ಎತ್ತದೆ ಹೇಳಿದರು: "ಜಗಳ ಅಲ್ಲ ಮಾರಾಯ್ತಿ. ನನ್ನ ತಮ್ಮ. ಡಾಕ್ಟರು ಅವನಿಗೆ ಮಾತಾಡ್ಬೇಡ ಅಂದಿದ್ದಾರೆ. ಅದಕ್ಕೇ ಮಾತಾಡುದು."

ಹೀಗೆ ನನಗೆ ಅವರ ಪರಿಚಯವಾಯಿತು. ಲಂಡನ್ನಿನಲ್ಲಿ ಅವರು ಎಂಸಿ ಆಗಿದ್ದವರಂತೆ, ಹಾಗಾಗಿ ಮುಂದೆ ನಾನು ಅವರನ್ನು ಎಂಸಿ ಅಣ್ಣ ಎಂದೇ ಕರೆದೆ. ಕ್ಲಾಸಿನಲ್ಲಿದ್ದ ಹಿಂದಿಯ ಹುಡುಗರಿಗೆ ಈ ಹೆಸರು ಹೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರ ಭಾಷೆಯಲ್ಲಿ ಆ ಎರಡಕ್ಷರ ಒಂದು ಕೆಟ್ಟ ಬೈಗುಳವಂತೆ. ಎಂಸಿ ಅಣ್ಣನಿಗೆ ಅದನ್ನು ಹೇಳಿದಾಗ ಅವರೂ ಹೊಟ್ಟೆ ಹಿಡಿದು ನಕ್ಕರು. "ಲಂಡನ್‌ನಲ್ಲೂ ಕೆಲವರಿಗೆ ಹಾಗೇ ಇತ್ತು ಸಿಸ್," ಎಂದರು. ತಂಗಿ ಎನ್ನುವುದಕ್ಕೆ ಅವರದು ಆ ಲಂಡನ್ ಮಾತು.

ಆಂಟಿಗೆ ಹತ್ತು ವರ್ಷವಾಗಿದ್ದಾಗ ಅವರ ತಂದೆ ಲಂಡನ್ನಿನ ಹೋಟೆಲೊಂದಕ್ಕೆ ಅಡುಗೆಯವರಾಗಿ ಹೋದವರು. ಮನೆಯವರೆಲ್ಲ ಜೊತೆಗೇ ಹೋದಾಗ ಈ ತಮ್ಮ ಇನ್ನೂ ತಾಯಿಯ ಕಂಕುಳ ಕೂಸು. ಮನೆಯಲ್ಲಿ ತುಳು, ತಾಯಿ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಪತ್ರಿಕೆಗಳಿಂದ ಕನ್ನಡ, ಮೆಟ್ಟಿಲಿಳಿದರೆ ಜಮೈಕಾದವರ ಮಕ್ಕಳು, ಐರಿಷ್ ಮಕ್ಕಳು, ಬಂಗಾಳಿ ಮಕ್ಕಳು. ಇವೆಲ್ಲವೂ ಸೇರಿ ಅವರ ಬಾಯಿ ತಯಾರಾಗಿತ್ತು. ನನ್ನ ಜೊತೆ ಉಡುಪಿ ಕಡೆಯ ಕನ್ನಡದಲ್ಲೇ ಶುರುಮಾಡಿ, ನಡುವೆ ಲಂಡನ್ನಿನ ಬೀದಿಗೆ ಇಳಿದು, ಮತ್ತೆ ಹತ್ತಿ ಬರುತ್ತಿದ್ದರು.

ಬೆಳಗಿನ ಜಾವ ವ್ಯಾನಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಾಕಿ ಬರುವುದು ಅವರ ಆಗಿನ ಕೆಲಸ. ಹತ್ತು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದರು. ಗ್ಯಾರೇಜಿನಲ್ಲಿ ಒಂದು ಹಳೆಯ ಸೋಫಾ, ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಗಳು, ಒಂದು ಮೈಕು. ಮೈಕಿಗೆ ಯಾವ ತಂತಿಯೂ ಇರಲಿಲ್ಲ. ಬರೀ ಮೈಕನ್ನು ಬಾಯಿಗೆ ಹಿಡಿದುಕೊಂಡು ಮಾತಾಡುತ್ತಿದ್ದರು. ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಒಮ್ಮೆ ಕೇಳಿದೆ.

"ಎಂಸಿ ಅಂದ್ರ ಏನ್ ಮಾಡ್ತಾರ್ರಿ ಅಣ್ಣಾ? ಹಾಡೂದಾ?"

"ಅಲ್ಲ. ಹಾಡುವವ ಬೇರೆ. ನೋಡು, ರೆಕಾರ್ಡ್ ಹಾಕುವ ಡೀಜೆ ಉಂಟಲ್ಲ, ಅವ ಬಸ್ಸಿನ ಡ್ರೈವರ್. ಎಂಸಿ ಕಂಡಕ್ಟರ್. ಜನರನ್ನು ಹತ್ತಿಸ್ಕೊಳ್ಳುದು, ಒಳಗೆ ಹೋಗಿ ಹೋಗಿ ಅನ್ನುದು, ಯಾರೂ ಬೀಳದ ಹಾಗೆ ನೋಡುದು. ಮಾತು ಪ್ರಾಸದಲ್ಲಿರ್ಬೇಕು, ತಾಳಕ್ಕಿರ್ಬೇಕು, ಅಷ್ಟೆ."

ಅವರು ಹೇಳುತ್ತಿದ್ದ ಲಂಡನ್ ನನಗೆ ಈಗಲೂ ಕನಸಿನಲ್ಲಿ ಕಂಡ ಊರಿನಂತೆ ನೆನಪಾಗುತ್ತದೆ. ಬೂದು ಬಣ್ಣದ ಎತ್ತರದ ಕಟ್ಟಡ, ಲಿಫ್ಟು ಕೆಟ್ಟಿದೆ. ಮೇಲಿನ ಮಹಡಿಯಲ್ಲಿ ಯಾರದೋ ಖಾಲಿ ಫ್ಲ್ಯಾಟು. ಕಿಟಕಿಗೆ ಕಂಬಳಿ ಹೊದಿಸಿ, ತಾರಸಿಯ ಮೇಲೆ ಕದ್ದು ಕಟ್ಟಿದ ಏರಿಯಲ್ಲು. ಭಾನುವಾರ ಮಧ್ಯಾಹ್ನ ಹುಡುಗರು ಲೈಸೆನ್ಸಿಲ್ಲದ ರೇಡಿಯೋ ನಡೆಸುತ್ತಿದ್ದರು. ಸರ್ಕಾರದ ರೇಡಿಯೋ ಮುಟ್ಟದ ಸಂಗೀತ ಅದು. ಎದೆ ಬಡಿತಕ್ಕಿಂತ ಜೋರಾದ ಡ್ರಮ್ಮು, ಅದರ ಕೆಳಗೆ ನಿಧಾನಕ್ಕೆ ಉರುಳುವ ಮಂದ್ರದ ಸದ್ದು. ಕೆಳಗೆ ಊರಿಡೀ ಜನ ಅಡುಗೆ ಮಾಡುತ್ತಾ, ಕಾರು ತೊಳೆಯುತ್ತಾ ಇವರ ಧ್ವನಿ ಕೇಳುತ್ತಿದ್ದರು. ಕೇಳುವವರು ಫೋನು ಮಾಡಿ ಹೆಸರು ಹೇಳುತ್ತಿದ್ದರು, ಇವರು ಆ ಹೆಸರುಗಳನ್ನು ಪ್ರಾಸಕ್ಕೆ ಸೇರಿಸುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಿಂದ ಮಾಡಿದವರಿದ್ದರು, ಜೈಲಿನಿಂದ ಮಾಡಿಸಿದವರಿದ್ದರು...

ಅವರ ಮಾತಿನ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು. ಒಂದು ಸಲ ಕ್ಲಬ್ಬಿನ ಬಾಗಿಲಲ್ಲಿ ನಿಂತವನು ಇವರ ಮುಖ ನೋಡಿ ಒಳಗೆ ಬಿಡಲಿಲ್ಲವಂತೆ. ಹಿಂದೆ ನಿಂತಿದ್ದ ಕಾರಿನಿಂದ ಇವರದೇ ಧ್ವನಿ ಕೇಳುತ್ತಿತ್ತಂತೆ. "ಆ ಧ್ವನಿಗೆ ನನ್ನಂಥ ಮುಖ ಇರ್ಬಹುದು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು," ಎಂದರು, ಸಿಟ್ಟಿಲ್ಲದೆ. ದೊಡ್ಡ ರೆಕಾರ್ಡ್ ಕಂಪನಿಯೊಂದು ಕರೆಸಿದಾಗ ಅಲ್ಲಿಯವರು ಇವರ ಮುಖವನ್ನೇ ಬೇಡಿದರು. ಚಕ್ಕಳಮಕ್ಕಳ ಕೂತು, ಮುಂದೆ ದೀಪ ಹಚ್ಚಿಟ್ಟು, ಸಿತಾರಿನ ಜೊತೆ ಮಾತಾಡು ಅಂದರು. ಇವರು ಎದ್ದು ಬಂದರು. ಆಮೇಲೆ ಕ್ಲಬ್ಬುಗಳಲ್ಲಿ ಹೊಡೆದಾಟ ಹೆಚ್ಚಾಯಿತು, ಪೊಲೀಸರು ಒಂದೊಂದೇ ಮುಚ್ಚಿಸಿದರು. ಇವರಿಗಿಂತ ಚಿಕ್ಕವರು ಇವರಿಗಿಂತ ವೇಗವಾಗಿ ಮಾತಾಡತೊಡಗಿದರು. ಅವರನ್ನು ಮೀರಲು ಹೋಗಿ ಗಂಟಲಿನಲ್ಲಿ ಗಂಟುಗಳಾದವು. ಒಂದು ಆಪರೇಷನ್ ಆಯಿತು. ಸ್ವಲ್ಪ ದಿನ ಸುಮ್ಮನಿರು ಎಂದು ತಾಯಿ ಇವರನ್ನು ಅಕ್ಕನ ಮನೆಗೆ ಕಳಿಸಿದ್ದರು.

ಅಕ್ಕ ತಮ್ಮನಿಗೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದರು. ಶುಂಠಿ ಕಷಾಯ ಮಾಡಿ ಗ್ಯಾರೇಜಿಗೆ ತಲುಪಿಸುತ್ತಿದ್ದರು. ಆದರೆ ಆ ಸಂಗೀತದ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ "ತಮ್ಮ ಸೌಂಡ್ ಇಂಜಿನಿಯರ್" ಅನ್ನುತ್ತಿದ್ದರು. ಮಗ ಓದು ಬಿಟ್ಟು ಹೀಗಾದ ಎಂಬ ಕೊರಗಿನಲ್ಲೇ ತಂದೆ ತೀರಿಕೊಂಡರು ಎಂದು ಆಂಟಿಯ ಮನಸ್ಸಿನಲ್ಲಿತ್ತು. ತಂದೆಯೂ ಮಗನೂ ಕೊನೆಯ ಕೆಲವು ವರ್ಷ ಒಂದೇ ಮನೆಯಲ್ಲಿದ್ದು ಮಾತಾಡುತ್ತಿರಲಿಲ್ಲವಂತೆ. ಆಂಟಿ ಮದುವೆಯಾಗಿ ಬೇಗ ಆಸ್ಟ್ರೇಲಿಯಾಕ್ಕೆ ಬಂದವರು, ತಮ್ಮನು ಮೈಕು ಹಿಡಿದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುವುದು ಬೇಡವೂ ಆಗಿತ್ತು.

ಅವರು ನೋಡಿದ್ದು ದೀಪಾವಳಿಯ ಸಭೆಯಲ್ಲಿ. ಗ್ಲೆನ್ ವೇವರ್ಲಿಯ ಸ್ಕೂಲೊಂದರ ಹಾಲಿನಲ್ಲಿ ಶನಿವಾರ ಮಧ್ಯಾಹ್ನ ನಮ್ಮವರೆಲ್ಲ ಸೇರಿದ್ದರು. ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿದ್ದವು, ಹಿಂದೆ ಖಾಯಂ ವಾಸದ ಪಿಆರ್, ಮನೆಸಾಲದ ಮಾರ್ಟ್‌ಗೇಜ್ ಎಂದು ಗಂಡಸರ ಮಾತು, ಪಕ್ಕದಲ್ಲಿ ಊಟದ ಪರಿಮಳ. ವೇದಿಕೆ ಕಡೆ ಯಾರ ಗಮನವೂ ಇರಲಿಲ್ಲ. ಜರಿಯಂಚಿನ ಹಸಿರು ಲಂಗ ಹಾಕಿದ ಪುಟ್ಟ ಹುಡುಗಿಯೊಬ್ಬಳು ಕುಣಿಯಲು ಬಂದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೀಡಿ ಸಿಕ್ಕಿಹಾಕಿಕೊಂಡಿತು. ಒಂದೇ ಸ್ವರ ಕಟ ಕಟ ಕಟ ಎಂದು ಹೊಡೆದುಕೊಂಡು ನಿಂತುಹೋಯಿತು. ಹುಡುಗಿ ಎತ್ತಿದ ಕೈ ಇಳಿಸದೆ ಹಾಗೇ ನಿಂತಳು. ಈಗ ಸಭೆಯೆಲ್ಲ ಅವಳನ್ನೇ ನೋಡುತ್ತಿತ್ತು. ಅವಳ ಕೆಳತುಟಿ ನಡುಗಲು ಶುರುವಾಯಿತು...

ನನ್ನ ಪಕ್ಕದ ಕುರ್ಚಿ ಖಾಲಿಯಾದದ್ದು ನನಗೆ ತಿಳಿಯಲಿಲ್ಲ. ನೋಡಿದರೆ ಎಂಸಿ ಅಣ್ಣ ವೇದಿಕೆಯ ಕೆಳಗೆ ನಿಂತು ಮೈಕು ಎತ್ತಿಕೊಂಡಿದ್ದರು. ಕಾಲಿನಿಂದ ನೆಲಕ್ಕೆ ಮೆಲ್ಲಗೆ ತಟ್ಟಿದರು. ತಾಳ ಹಿಡಿಯಿತು. ಆಮೇಲೆ ಆ ಬಿರುಕಿನ ಧ್ವನಿ, ಕೂಗದೆ, ಕಿವಿಯ ಹತ್ತಿರ ಬಂದು ಹೇಳಿದಂತೆ:

"ಉಡುಪಿಯವರು ಕೈ ಎತ್ತಿ, ಹುಬ್ಬಳ್ಳಿಯವರು ಧ್ವನಿ ಎತ್ತಿ, ಬೆಂಗ್ಳೂರವರು ಟ್ರಾಫಿಕ್ಕಲ್ಲಿ, ಬಂದ ಮೇಲೆ ಚಪ್ಪಾಳೆ ತಟ್ಟಿ!"

ಸಭೆ ಗೊಳ್ಳೆಂದಿತು. ನಾನು ಹುಬ್ಬಳ್ಳಿಯ ಮರ್ಯಾದೆ ಉಳಿಸಲು ಜೋರಾಗಿ ಕೂಗಿದೆ. ಮೈಸೂರು, ಮಂಗಳೂರು, ದಾವಣಗೆರೆ, ಒಂದೊಂದೇ ಊರು ಅವರ ಪ್ರಾಸದೊಳಗೆ ಬಂತು. ಊರು ಬಂದಾಗೆಲ್ಲ ಒಂದು ಮೂಲೆಯಿಂದ ಕೇಕೆ. ಚಪ್ಪಾಳೆ ಒಂದಾಯಿತು. ಆಗ ಅವರು ಹುಡುಗಿಯ ಕಡೆ ತಿರುಗಿ, ತಲೆಬಾಗಿಸಿ, ದಾರಿ ಬಿಟ್ಟುಕೊಟ್ಟವರಂತೆ ಪಕ್ಕಕ್ಕೆ ಸರಿದರು. ಅವಳು ಮೂಗು ಒರೆಸಿಕೊಂಡಳು. ಎತ್ತಿದ ಕೈಯಿಂದಲೇ ಮುಂದುವರಿಸಿದಳು. ಹಾಡಿಲ್ಲದೆ, ಬರೀ ಜನರ ಕೈಯ ತಾಳಕ್ಕೆ ಅವಳು ಕುಣಿದದ್ದು, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಆ ಹಸಿರು ಲಂಗ ಸುತ್ತಿದ್ದು... ಈಗಲೂ ಕಣ್ಣು ಮುಚ್ಚಿದರೆ ಸುತ್ತುತ್ತದೆ.

ಮುಗಿದ ಮೇಲೆ ಒಬ್ಬರು ಬಂದು ಆಂಟಿಯನ್ನು ಕೇಳಿದರು: "ನಿಮ್ ತಮ್ಮ ಸೌಂಡ್ ಇಂಜಿನಿಯರ್ ಅಂದಿದ್ರಲ್ಲಾ?"

ಆಂಟಿ "ಹೌದು," ಅಂದರು. ತಮ್ಮನ ಕಡೆ ತಿರುಗಿ ನೋಡಿ "ಅಲ್ಲ," ಅಂದರು.

ಮನೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಂಟಿ ಮುಂದೆ ನೋಡುತ್ತಲೇ ತುಳುವಿನಲ್ಲಿ, ಅಪ್ಪ ಇದ್ದಿದ್ದರೆ, ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಹಿಂದಿನ ಸೀಟಿನಿಂದ ತಮ್ಮ, ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಅಕ್ಕ, ಎಂದರು. ಅಷ್ಟು ತುಳು ಅಷ್ಟರಲ್ಲಿ ನನಗೆ ತಿಳಿಯುತ್ತಿತ್ತು. ದೀಪ ಹಸಿರಾಯಿತು.

ಮುಂದಿನ ವರ್ಷ ಅವರ ಲಂಡನ್ನಿನ ಹಳೆಯ ಜೊತೆಗಾರನಿಂದ ಫೋನು ಬಂತು. ಹುಡುಗಾಟದ ದಿನದಿಂದ ಇವರ ಪಕ್ಕ ನಿಂತು ರೆಕಾರ್ಡು ಹಾಕುತ್ತಿದ್ದ ಡೀಜೆ. ಸಿಡ್ನಿಗೆ ಬರುತ್ತಿದ್ದೇನೆ, ಭಾನುವಾರ ಹಗಲು ಕಾರ್ಯಕ್ರಮ, ನೀನು ಬಂದು ಒಂದು ಗಂಟೆ ಮೈಕು ಹಿಡಿ ಎಂದು ಕರೆದಿದ್ದ. ಅದೇ ವಾರ ಡಾಕ್ಟರು ಗಂಟಲು ನೋಡಿ, ಗಂಟು ಮತ್ತೆ ಬೆಳೆದಿದೆ, ಇನ್ನೊಂದು ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಕೂಗಲೇಬಾರದು ಎಂದಿದ್ದರು.

ಆಂಟಿ ಅಡುಗೆಮನೆಯಿಂದಲೇ ಹೇಳಿದರು: "ಹೋಗ್ಬೇಡ. ಇದ್ದದ್ದೂ ಹೋಗ್ತದೆ."

"ಆಪರೇಷನ್ ಆದ ಮೇಲೆ ಯಾವ ಧ್ವನಿ ಬರ್ತದೆ ಅಂತ ಡಾಕ್ಟರಿಗೇ ಗೊತ್ತಿಲ್ಲ ಅಕ್ಕ. ಇದು ಇರುವಾಗ ಒಂದು ಸಲ..." ಎಂದು ಅವರು ಕಷಾಯದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

ಒಂದು ವಾರ ಅಕ್ಕ ತಮ್ಮ ಮಾತಾಡಲಿಲ್ಲ. ಶುಕ್ರವಾರ ಬೆಳಗ್ಗೆ ಎಂಸಿ ಅಣ್ಣ ಬಸ್ ಹಿಡಿಯಲೆಂದು ಬ್ಯಾಗು ಎತ್ತಿಕೊಂಡು ಹೊರಗೆ ಬಂದರೆ, ಅಂಕಲ್ ಕಾರಿನ ಡಿಕ್ಕಿ ತೆರೆದುಕೊಂಡು ನಿಂತಿದ್ದರು. ಆಂಟಿ ತಮ್ಮ ಬ್ಯಾಗು, ಅವಲಕ್ಕಿಯ ಡಬ್ಬ, ಕಷಾಯದ ಫ್ಲಾಸ್ಕು ಇಡುತ್ತಿದ್ದರು.

"ಗಂಟಲು ಹಾಳು ಮಾಡ್ಕೊಳ್ಳುದಿದ್ರೆ ನನ್ನ ಎದುರೇ ಮಾಡ್ಕೋ," ಅಂದರು. ನನ್ನ ಕಡೆ ತಿರುಗಿ, "ನಿಂದು ಪರೀಕ್ಷೆ ಮುಗೀತಲ್ಲ? ಸಿಡ್ನಿ ನೋಡ್ಲಿಲ್ಲ ಅಂತಿದ್ದಿ. ಹತ್ತು," ಅಂದರು.

ಆ ಪ್ರಯಾಣ ಪೂರ್ತಿ ಮೌನದ್ದು. ಧ್ವನಿ ಉಳಿಸಿಕೊಳ್ಳಲೆಂದು ಎಂಸಿ ಅಣ್ಣ ಬಾಯಿ ಬಿಡುತ್ತಿರಲಿಲ್ಲ. ಅವರು ಮಾತಾಡದ ಮೇಲೆ ನಾವೂ ಮಾತಾಡುವುದು ಸರಿಯಲ್ಲ ಎಂಬಂತೆ ಎಲ್ಲರೂ ಸುಮ್ಮನಿದ್ದೆವು. ಹೆದ್ದಾರಿಯ ಎರಡೂ ಕಡೆ ಒಣಗಿ ಹೊಂಬಣ್ಣವಾದ ಹುಲ್ಲುಗಾವಲು, ಒಂಟಿ ನೀಲಗಿರಿ ಮರದ ನೆರಳಿನಷ್ಟೇ ಜಾಗದಲ್ಲಿ ಒತ್ತೊತ್ತಾಗಿ ನಿಂತ ಕುರಿಗಳು, ದೂರದಲ್ಲಿ ರಸ್ತೆಯ ಮೇಲೆ ನೀರಿನಂತೆ ಅಲುಗುವ ಬಿಸಿಲು. ಹತ್ತಿರ ಹೋದರೆ ನೀರಿಲ್ಲ, ಮತ್ತೆ ಮುಂದೆ ನೀರು. ಎಂಸಿ ಅಣ್ಣ ಕಿಟಕಿಗೆ ತಲೆಯಾನಿಸಿ ತುಟಿ ಮಾತ್ರ ಆಡಿಸುತ್ತಿದ್ದರು. ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ನಾನು ನಿದ್ದೆ ಹೋಗಿ ಎದ್ದಾಗಲೂ ಅದೇ ತಾಳ...

ಟೂಂಗಾಬಿಯಲ್ಲಿ ಅಂಕಲ್‌ನ ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡೆವು. ಆಗ ನನಗೆ ಅದು ರೈಲು ನಿಲ್ಲುವ ಯಾವುದೋ ಒಂದು ಸಬರ್ಬ್, ಅಷ್ಟೆ. ಮುಂದೆ ಅಲ್ಲೇ ಸಂಸಾರ ಹೂಡುತ್ತೇನೆಂದು ಗೊತ್ತಿರಲಿಲ್ಲ.

ಕಾರ್ಯಕ್ರಮ ಇದ್ದದ್ದು ಬಂದರಿನ ದಂಡೆಯ ಒಂದು ಹಳೆಯ ಉಗ್ರಾಣದಲ್ಲಿ. ನೀರಿನ ಕಡೆಯ ಬಾಗಿಲುಗಳನ್ನೆಲ್ಲ ತೆರೆದಿದ್ದರು. ಒಳಗೆ ಕತ್ತಲೆ, ಹೊರಗೆ ಕಣ್ಣು ಕೋರೈಸುವ ಬೆಳಕು, ನಡುವೆ ಕಡಲಹಕ್ಕಿಗಳು. ಹತ್ತಿ ಸೀರೆ, ಅದರ ಕೆಳಗೆ ವಾಕಿಂಗ್ ಬೂಟು ಹಾಕಿದ ಆಂಟಿಯನ್ನು ನೋಡಿ ಬಾಗಿಲಲ್ಲಿದ್ದವನು ಕಿವಿಗೆ ಹಾಕಿಕೊಳ್ಳುವ ಹಳದಿ ಬೂಚು ಕೊಟ್ಟ. ಆಂಟಿ ಪೆಪ್ಪರ್‌ಮಿಂಟ್ ಎಂದುಕೊಂಡು ಪರ್ಸಿನಲ್ಲಿಟ್ಟರು. ಡೀಜೆ ಎತ್ತರದ ಆಳು, ಜಮೈಕಾದವರ ಮಗ. ಆಂಟಿಯನ್ನು ನೋಡಿದ್ದೇ ಬಗ್ಗಿ ಅಪ್ಪಿಕೊಂಡ. ಇವರ ತಾಯಿಯ ಕೈಯ ದೋಸೆ ತಿಂದು ಬೆಳೆದವನಂತೆ.

ಸಂಗೀತ ಶುರುವಾದಾಗ ನೆಲ ಅಂಗಾಲಿನ ಮೂಲಕ ಮಾತಾಡಿತು. "ಇದು ನಮ್ಮ ಚೆಂಡೆಯ ಹಾಗೇ ಉಂಟಲ್ಲ," ಎಂದು ಅಂಕಲ್ ನನ್ನ ಕಿವಿಯಲ್ಲಿ ಕೂಗಿದರು. ಎಂಸಿ ಅಣ್ಣ ಮುಂದೆ ಬಂದರು. ಮೊದಮೊದಲು ಧ್ವನಿ ಒರಟಾಗಿಯೇ ಇತ್ತು. ಆಮೇಲೆ ಯಾವ ಗಳಿಗೆಯಲ್ಲೋ ಅದು ತೆರೆದುಕೊಂಡಿತು. ಗ್ಯಾರೇಜಿನಲ್ಲಿ ನಾನು ಒಂದು ದಿನವೂ ಕೇಳಿರದ ಧ್ವನಿ. ತೆಳ್ಳಗೆ, ಹೊಳೆಯುವ ಹಾಗೆ, ಡ್ರಮ್ಮಿನ ಮೇಲೆ ಕಾಲೂರದೆ ಓಡುವ ಹಾಗೆ. ಅಲ್ಲಿದ್ದ ಜನ ಹುಚ್ಚೆದ್ದು ಹೋದರು. ಅರ್ಧಕ್ಕರ್ಧ ಮಂದಿಗೆ ಇವರ ಮಾತುಗಳು ಬಾಯಿಪಾಠವಾಗಿದ್ದವು. ಲಂಡನ್ನಿನ ಕ್ಯಾಸೆಟ್ಟುಗಳ ಪ್ರತಿಯ ಪ್ರತಿಗಳು ಎಂದೋ ಸಮುದ್ರ ದಾಟಿ ಈ ಊರಿಗೆ ಬಂದಿದ್ದವು.

ಆಗ ಅವರು ಎಡಗೈ ಮುಂದೆ ಚಾಚಿ, ಬೆರಳು ಮಡಚಿ ಕರೆಯುವಂತೆ ಮಾಡಿ ಕೂಗಿದರು: "ಬಲೆ! ಬಲೆ!"

ಇಡೀ ಉಗ್ರಾಣ ತಿರುಗಿ ಕೂಗಿತು: "ಬಲೆ! ಬಲೆ!"

ಆಂಟಿಯ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. "ಎಂತ ಹೇಳ್ತಿದ್ದಾರೆ ಇವರು?"

"ಬಲೆ ಅನ್ನಾಕತ್ತಾರ್ರಿ ಆಂಟಿ."

"ಅದು ಅಮ್ಮ..." ಎಂದರು. ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದರು. ಲಂಡನ್ನಿನ ಆ ಸಣ್ಣ ಮನೆಯಲ್ಲಿ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರನ್ನೂ ತುಳುವಿನಲ್ಲಿ "ಒಣಸ್‌ಗ್ ಬಲೆ" ಎಂದು ಕರೆಯುತ್ತಿದ್ದರಂತೆ. ಊಟಕ್ಕೆ ಬನ್ನಿ ಎಂದು. ತಂದೆ ಮಗ ಮಾತು ಬಿಟ್ಟ ಮೇಲೂ ಆ ಒಂದು ಕರೆಗೆ ಇಬ್ಬರೂ ಬಂದು ಒಂದೇ ಮೇಜಿಗೆ ಕೂರುತ್ತಿದ್ದರಂತೆ.

ಪಕ್ಕದಲ್ಲಿ ಕುಣಿಯುತ್ತಿದ್ದ ಹಸಿರು ಕೂದಲಿನ ಹುಡುಗಿ ಆಂಟಿಯ ಕಣ್ಣು ಒದ್ದೆಯಾದದ್ದು ನೋಡಿ ಏನಾಯಿತೆಂದು ಕೇಳಿದಳು. ಆಂಟಿ ಆ ಶಬ್ದ ಯಾವುದು ಗೊತ್ತಾ ಎಂದರು. ಗೊತ್ತು, ಅದು ಅವನೇ ಹುಟ್ಟಿಸಿದ ಶಬ್ದ, ಅದಕ್ಕೆ ಅರ್ಥ ಇಲ್ಲ, ಎಂದಳು ಅವಳು.

"ನೋ," ಎಂದರು ಆಂಟಿ. "ಇಟ್ಸ್ ಅವರ್ ಮದರ್ಸ್ ವರ್ಡ್. ಇಟ್ ಮೀನ್ಸ್, ಕಮ್, ಆಲ್ ಆಫ್ ಯೂ."

ಹುಡುಗಿ ಕಣ್ಣರಳಿಸಿದಳು. ಪಕ್ಕದವನಿಗೆ ಹೇಳಿದಳು. ಅವನು ಇನ್ನೊಬ್ಬನಿಗೆ. ಆ ಅರ್ಥ ನಮ್ಮ ಸುತ್ತ ಮೆಲ್ಲಗೆ ಹರಡುತ್ತಾ ಹೋದದ್ದನ್ನು ನಾನು ಮುಖಗಳ ಮೇಲೆ ನೋಡಿದೆ.

ಆಮೇಲೆ ಹೆಚ್ಚು ಹೊತ್ತು ಆಗಲಿಲ್ಲ. ಒಂದು ಸಾಲಿನ ನಡುವೆ ಧ್ವನಿ ತುಂಡಾಯಿತು. ಎಂಸಿ ಅಣ್ಣ ಬಾಯಿ ತೆರೆದರು, ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದರು. ಡೀಜೆ ಅವರ ಮುಖ ನೋಡಿ ರೆಕಾರ್ಡಿನ ಸದ್ದು ಇಳಿಸಿದ. ಎಲ್ಲಾ ನಿಂತು ಕಡಲಹಕ್ಕಿಯ ಕೂಗು ಮಾತ್ರ ಕೇಳಿಸಿತು. ಮುಂದಿನ ಸಾಲಿನಲ್ಲಿ ರಸ್ತೆ ಕೆಲಸದವರ ಕಿತ್ತಳೆ ಅಂಗಿಯ ದಪ್ಪ ಮನುಷ್ಯನೊಬ್ಬ ಇದ್ದ. ಅವನು ಅರ್ಧಕ್ಕೆ ನಿಂತ ಸಾಲನ್ನು ಎತ್ತಿಕೊಂಡ. ಹಾಡಲಿಲ್ಲ, ಕೂಗಲಿಲ್ಲ, ಸುಮ್ಮನೆ ಹೇಳಿದ. ಅವನ ಪಕ್ಕದವಳು ಸೇರಿದಳು. ಇನ್ನಷ್ಟು ಜನ ಸೇರಿದರು. ತಪ್ಪುತಪ್ಪಾಗಿ, ಒಬ್ಬೊಬ್ಬರು ಒಂದೊಂದು ರಾಗದಲ್ಲಿ, ಎಂದೋ ಲಂಡನ್ನಿನ ಎತ್ತರದ ಮಹಡಿಯಲ್ಲಿ ಹುಡುಗನೊಬ್ಬ ಹೇಳಿದ ಮಾತುಗಳನ್ನು ಅವನಿಗೇ ಹಿಂದಿರುಗಿಸಿದರು. ಅವರು ಮೈಕನ್ನು ಎದೆಗೆ ಒತ್ತಿಕೊಂಡು ಕೇಳುತ್ತಾ ನಿಂತಿದ್ದರು. ಮುಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಹೇಗೆ ಇಳಿದು ಬರಬೇಕೆಂದು ಅವರಿಗೆ ತಿಳಿಯದಾಗಿತ್ತೇನೋ.

ಆಂಟಿ ನನ್ನ ಕೈ ಬಿಟ್ಟರು. ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಪಕ್ಕಕ್ಕೆ ಹೋದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ತಮ್ಮನೊಬ್ಬನಿಗೇ ಹೇಳಿದರು:

"ಯಾವು. ಬಲ."

ಸಾಕು, ಬಾ. ಎಂಸಿ ಅಣ್ಣ ಮೈಕನ್ನು ಡೀಜೆಯ ಕೈಗೆ ಕೊಟ್ಟು, ಆಟದ ನಡುವೆ ಊಟಕ್ಕೆ ಕರೆದಾಗ ಮಕ್ಕಳು ಬರುವಂತೆ, ಮೆಟ್ಟಿಲಿಳಿದು ಬಂದರು. ಹೊರಗೆ ಕಟ್ಟೆಯ ಮೇಲೆ ನೀರಿನ ಕಡೆ ಮುಖ ಮಾಡಿ ಇಬ್ಬರೂ ಕೂತರು. ಆಂಟಿ ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟರು. ನಾನೂ ಅಂಕಲ್ಲೂ ದೂರವೇ ನಿಂತೆವು. ಅವರು ಏನು ಮಾತಾಡಿದರೋ ಕೇಳಿಸಲಿಲ್ಲ. ಮಾತಾಡಿದವರು ಆಂಟಿಯೊಬ್ಬರೇ. ಎಂಸಿ ಅಣ್ಣ ಬರೀ ತಲೆಯಾಡಿಸುತ್ತಿದ್ದರು.

ಮೆಲ್ಬರ್ನಿಗೆ ಬಂದ ಮೇಲೆ ಆಪರೇಷನ್ ಆಯಿತು. ವಾರಗಟ್ಟಲೆ ಮೌನದ ನಂತರ ಅವರಿಗೆ ಎರಡನೆಯ ಧ್ವನಿಯೊಂದು ಬಂತು. ಜಲ್ಲಿಕಲ್ಲಿನ ಮೇಲೆ ನಿಧಾನವಾಗಿ ಬರುವ ಕಾರಿನಂಥ ಧ್ವನಿ. ಅದು ಏರುತ್ತಿರಲಿಲ್ಲ, ಓಡುತ್ತಿರಲಿಲ್ಲ. ತಾಳಕ್ಕೆ ಸಿಗುತ್ತಿರಲಿಲ್ಲ. ಅವರ ಎಂಸಿ ಬದುಕು ಬಂದರಿನ ಆ ಮಧ್ಯಾಹ್ನಕ್ಕೇ ಮುಗಿದಿತ್ತು. ಕೆಲವು ತಿಂಗಳು ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಬ್ರೆಡ್ಡು ಹಾಕಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದು ದಿನ ಆಂಟಿ ತಾವೇ ಗ್ಯಾರೇಜಿನ ಬಾಗಿಲು ತೆಗೆದು, ಸೋಫಾದ ಮೇಲೆ ಕೂತು, "ಆ ನಿನ್ನ ರೆಕಾರ್ಡ್ ಒಂದು ಹಾಕು. ಎಂತದು ಅಂತ ನಂಗೆ ಸರಿಯಾಗಿ ಹೇಳು," ಅಂದರು. ಅಂದಿನಿಂದ ಎಂಸಿ ಅಣ್ಣ ಅಕ್ಕನಿಗೆ ಆ ಜಲ್ಲಿಕಲ್ಲಿನ ಧ್ವನಿಯಲ್ಲಿ ಒಂದೊಂದು ತಟ್ಟೆಯ ಕಥೆ ಹೇಳತೊಡಗಿದರು. ನಾನು ಓದುವುದನ್ನು ಬಿಟ್ಟು ಅಲ್ಲೇ ಕೂರುತ್ತಿದ್ದೆ. ಗಂಟಲು ನೋಯುತ್ತಿದ್ದರಿಂದ ಒಂದೊಂದು ಮಾತನ್ನೂ ಆರಿಸಿ ಇಡುತ್ತಿದ್ದರು. ಮಾತಿಗಿಂತ ನಡುವಿನ ಬಿಡುವೇ ಹೆಚ್ಚು. ಆ ಬಿಡುವಿನಲ್ಲಿ ನಿಂಬೆಗಿಡದ ಹಕ್ಕಿ ಕೇಳಿಸುತ್ತಿತ್ತು.

ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಪಿಆರ್ ಆಯಿತು. ಆ ದಶಕದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಎಂಸಿ ಅಣ್ಣ ಹೊರಟುಹೋದರು. ಹೊರಡುವ ಮುಂಚೆ ಫೋನಿನಲ್ಲಿ, "ಬಾ ಸಿಸ್, ಲಂಡನ್‌ಗೆ. ಆ ಬಿಲ್ಡಿಂಗ್ ತೋರಿಸ್ತೇನೆ. ಲಿಫ್ಟ್ ಈಗಲೂ ಸರಿ ಇರ್ಲಿಕ್ಕಿಲ್ಲ," ಎಂದರು. ನಾನು ಹೋಗಲಿಲ್ಲ. ಮದುವೆ, ಮನೆ, ಮಕ್ಕಳು... ತಾಯಿ ತೀರಿಕೊಂಡ ಮೇಲೂ ಅವರು ಅದೇ ಫ್ಲ್ಯಾಟಿನಲ್ಲಿ ಉಳಿದರು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಅದೇ ಮನೆಯಲ್ಲಿ, ಹೃದಯ ನಿಂತಿತು. ಅಂತ್ಯಕ್ರಿಯೆಗೆ ಆಂಟಿ ಹೋಗಿದ್ದರು. ತುಂಬ ಜನ ಬಂದಿದ್ದರಂತೆ. ಎಲ್ಲರೂ ತಲೆ ನರೆತವರು, ಕನ್ನಡಕ ಹಾಕಿದವರು, ಬೊಜ್ಜು ಬಂದವರು. ಇವರೆಲ್ಲ ಒಂದು ಕಾಲಕ್ಕೆ ಕುಣಿಯುತ್ತಿದ್ದರೆಂದು ನಂಬುವುದಕ್ಕೇ ಆಗಲಿಲ್ಲ ಎಂದು ಆಂಟಿ ಹೇಳಿದರು.

ಈಗ ಹುಡುಕಿದರೆ ಅವರ ಮೊದಲ ಧ್ವನಿ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಯಾರು ಯಾರೋ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿದ್ದಾರೆ. ಆ ಹುಡುಗ ಚುರುಕು, ಚೆಂದ, ಸಿಡಿಲು. ಆದರೆ ನಾನು ಅವನನ್ನು ಅರಿಯೆ. ನಾನು ಅರಿತದ್ದು ಗ್ಯಾರೇಜಿನ ಸೋಫಾದ ಮೇಲೆ ಮಾತು ಆರಿಸುತ್ತಿದ್ದ ಆ ಎರಡನೆಯ ಧ್ವನಿಯನ್ನು. ಅದನ್ನು ಯಾರೂ ರೆಕಾರ್ಡು ಮಾಡಲಿಲ್ಲ. ಅವರು ಹೇಳಿದ ಮಾತುಗಳೆಲ್ಲ ನೆನಪಿವೆ. ಧ್ವನಿಯನ್ನು ನೆನಪು ಮಾಡಿಕೊಳ್ಳಲು ಹೋದರೆ ಮಾತು ನನ್ನದೇ ಧ್ವನಿಯಲ್ಲಿ ಕೇಳುತ್ತದೆ...

ಟೂಂಗಾಬಿಯ ಕಾರ್ಯಕ್ರಮ ಮುಗಿದ ಮರುದಿನ ಬೆಳಗ್ಗೆ ಆಂಟಿಗೆ ಫೋನು ಮಾಡಿದೆ. ಮೆಲ್ಬರ್ನಿನಲ್ಲಿ ಚಳಿ, ಆಂಟಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ನನಗದು ಗೊತ್ತಿರಲಿಲ್ಲ. ಅತ್ತಲಿಂದ ಫೋನೆತ್ತಿ, "ಯಾರು?" ಎಂದರು.

ನಾನು ಹಿತ್ತಿಲಿನ ಬಾಗಿಲು ದಾಟುತ್ತಿದ್ದೆ. ಕಾಲು ಅಲ್ಲೇ ನಿಂತಿತು.

"ಯಾರು? ಎಂತ, ಕೇಳುದಿಲ್ವಾ?" ಎಂದು ಆ ಧ್ವನಿ ಮತ್ತೆ ಕೇಳಿತು. ಒರಟಾಗಿ, ನಿಧಾನವಾಗಿ, ಜಲ್ಲಿಕಲ್ಲಿನ ಮೇಲೆ ಬರುವ ಕಾರಿನಂತೆ.

"ಕೇಳಾಕತ್ತೈತ್ರಿ ಆಂಟಿ," ಎಂದೆ. "ಮಾತಾಡ್ರಿ."